ಇಪ್ಪತ್ತಮೂರನೇ ಟೋಕನ್ನಿನ ಪುಸ್ತಕ

ನನ್ನ ಹೆಸರನ್ನು ಮೇಲಿನ ಕಲಂನಲ್ಲಿ ಬರೆದುಕೊಂಡಾಗಿದೆ. ಅದನ್ನು ಯಾರೂ ಬಳಸುವುದಿಲ್ಲ. ಗೋಂದಕ್ಕ ಎಂದು ಕೂಗಿದರೆ ಮಾತ್ರ ನಾನು ತಿರುಗಿ ನೋಡುತ್ತೇನೆ. ವಯಸ್ಸು ಐವತ್ತೇಳು ವರ್ಷ. ಉದ್ಯೋಗ, ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವುದು, ಹರಿದದ್ದನ್ನು ಸರಿಮಾಡುವುದು, ಮೂವತ್ತೊಂದು ವರ್ಷದಿಂದ. ವಾಸ, ಗ್ರಂಥಾಲಯದ ಹಿಂದಿನ ಬೀದಿ, ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಲಿನ ಮಹಡಿ, ನನ್ನ ತಮ್ಮನ ಜೊತೆ. ಬಣ್ಣದ ಕಾರ್ಖಾನೆಯ ಸಿಬ್ಬಂದಿ ಅಧಿಕಾರಿಗಳು ನನ್ನ ಮೇಲೆ ಕೊಟ್ಟಿರುವ ದೂರನ್ನು ಈ ದಿನ ಬೆಳಿಗ್ಗೆ 10.20ಕ್ಕೆ ಠಾಣೆಯಲ್ಲಿ ನನಗೆ ಓದಿ ಹೇಳಿದರು. ಆ ಬಗ್ಗೆ ವಿಚಾರಿಸಿದ್ದಕ್ಕೆ ನಾನು ಈ ಮೂಲಕ ತಿಳಿಸುವುದೇನೆಂದರೆ,

ಇದೇ ತಿಂಗಳ 14ನೇ ತಾರೀಕು ಶುಕ್ರವಾರ ಸಂಜೆ ಗ್ರಂಥಾಲಯದ ಮೊದಲ ಮಹಡಿಯ ಸಭಾಂಗಣದಲ್ಲಿ ಪತ್ರಕರ್ತೆ ಮತ್ತು ಲೇಖಕಿ ಒಬ್ಬರ ಜೊತೆ ಮಾತುಕತೆಯ ಕಾರ್ಯಕ್ರಮವಿತ್ತು. ಅವರ ಹೊಸ ಪುಸ್ತಕ ಈ ಬಣ್ಣದ ಕಾರ್ಖಾನೆಯ ಕುರಿತದ್ದು. ಕಾರ್ಖಾನೆಯವರು ಕೆಲಸಗಾರರ ರಕ್ತ ಪರೀಕ್ಷೆ ಮಾಡಿಸಿ, ಯಾರ ರಕ್ತದಲ್ಲಿ ಎಷ್ಟು ಸೀಸ ಸೇರಿದೆ ಎಂದು ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟು, ಆ ರಿಜಿಸ್ಟರನ್ನು ಕೆಲಸಗಾರರಿಗೇ ತೋರಿಸಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಒಳಗಿನವರು ಒಬ್ಬರು ಅದರ ಇನ್ನೂರ ಹನ್ನೆರಡು ಪುಟಗಳನ್ನು ಕೈಯಲ್ಲೇ ನಕಲು ಮಾಡಿ ಲೇಖಕಿಗೆ ತಲುಪಿಸಿದರು. ಅವರು ಯಾರೆಂದು ಪತ್ರಿಕೆಯಲ್ಲೂ ಬರಲಿಲ್ಲ, ಪುಸ್ತಕದಲ್ಲೂ ಇಲ್ಲ. ಅನುಮಾನದ ಮೇಲೆ ಕಾರ್ಖಾನೆಯವರು ಒಬ್ಬ ಗುಮಾಸ್ತರನ್ನು ಕೆಲಸದಿಂದ ತೆಗೆದು, ಮೂರು ದಿನದಲ್ಲಿ ಕ್ವಾರ್ಟರ್ಸ್ ಬಿಡಿಸಿದರು. ಆತ ಆ ಕೆಲಸ ಮಾಡಿದವರಲ್ಲ ಎಂದು ಆಮೇಲೆ ಎಲ್ಲರಿಗೂ ತಿಳಿಯಿತು. ಇಡಲು ಜಾಗವಿಲ್ಲದೆ ಅವರು ಬಿಟ್ಟುಹೋದ ಬಟ್ಟೆ ಕಪಾಟು ಇವತ್ತಿಗೂ ಗ್ರಂಥಾಲಯದ ಮೆಟ್ಟಿಲ ಕೆಳಗಿದೆ. ಅದರಲ್ಲಿ ಪೊರಕೆ ಇಡುತ್ತೇವೆ.

ನನ್ನ ತಮ್ಮ ಆ ಕಾರ್ಖಾನೆಯ ಬಣ್ಣ ಕಲಸುವ ವಿಭಾಗದಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದಾನೆ. ಕೈ ನಡುಗುವುದು ಕುಡಿತದಿಂದ ಎಂದು ಕಾರ್ಖಾನೆಯ ವೈದ್ಯರು ಬರೆದುಕೊಟ್ಟಿದ್ದರು. ಅವನು ಹನಿ ಮುಟ್ಟಿದವನಲ್ಲ. ಆದರೂ ಆ ಚೀಟಿ ನಂಬಿ ನಾನು ಎರಡು ವರ್ಷ ಅವನ ಜೇಬು ತಡಕಿದ್ದೇನೆ, ಬಾಯಿ ಮೂಸಿದ್ದೇನೆ, ಬಾಯಿಗೆ ಬಂದಂತೆ ಬೈದಿದ್ದೇನೆ. ರಿಜಿಸ್ಟರಿನ ನಲವತ್ತೊಂದನೇ ಪುಟ ಪತ್ರಿಕೆಯಲ್ಲಿ ಬಂದ ದಿನ ಅವನ ಸಾಲು ಓದಿದೆ. ಈಗ ದಿನಾ ಬೆಳಿಗ್ಗೆ ಅವನ ಅಂಗಿಯ ಗುಂಡಿ ನಾನೇ ಹಾಕುತ್ತೇನೆ. ನಾನು ಯಾರ ಪಕ್ಷ ಎಂದು ಠಾಣೆಯ ಸಾಹೇಬರು ಕೇಳಿದ್ದಕ್ಕೆ ಇದನ್ನು ಹೇಳಿದ್ದೇನೆ. ಮುಚ್ಚಿಡುವಂಥದ್ದೇನೂ ಇಲ್ಲ.

ಆ ದಿನ ಸಂಜೆ 4.10ಕ್ಕೆ ಎಂಬತ್ತು ಕುರ್ಚಿ ಹಾಕಿಸಿದೆವು. 5.05ಕ್ಕೆ ಲೇಖಕಿ ಬಂದರು. ವಯಸ್ಸು ಅರವತ್ತರ ಆಸುಪಾಸು. ಅತಿಥಿಗಳನ್ನು ಕೂರಿಸಲು ನಮ್ಮಲ್ಲಿ ಬೇರೆ ಕೋಣೆ ಇಲ್ಲದ ಕಾರಣ ಗ್ರಂಥಪಾಲಕರು ಅವರನ್ನು ವೇದಿಕೆಯ ಹಿಂದಿರುವ ನನ್ನ ಬೈಂಡಿಂಗ್ ಕೋಣೆಯಲ್ಲಿ ಕೂರಿಸಿದರು. ಅವರು ಬಿಸಿನೀರು ಕೇಳಿದರು, ಕೊಟ್ಟೆ. ಸಭೆಗಳಲ್ಲಿ ಓದಲು ಒಯ್ಯುವ ತಮ್ಮ ಸ್ವಂತ ಪ್ರತಿ ಬಿಚ್ಚಿಹೋಗಿದೆ, ಸರಿಯಾದೀತೇ ಎಂದು ಕೇಳಿದರು. ಹೊಸ ಪುಸ್ತಕ ನಾಲ್ಕೇ ತಿಂಗಳಲ್ಲಿ ಹೀಗಾಗಿದೆಯೆಂದರೆ ಹೊಲಿದವನ ಕೈ ಮುರಿಯಬೇಕು ಎಂದೆ. ಅವರು ನಕ್ಕರು. ನನ್ನ ತಮ್ಮನೂ ಆ ಕಾರ್ಖಾನೆಯಲ್ಲಿದ್ದ ಎಂದೆ. ಅವನ ಹೆಸರು, ವಿಭಾಗ ಕೇಳಿದರು, ಹೇಳಿದೆ. ನಲವತ್ತೊಂದನೇ ಪುಟ, ಮೇಲಿನಿಂದ ಒಂಬತ್ತನೇ ಸಾಲು ಎಂದು ಅವರು ಪುಸ್ತಕ ತೆರೆಯದೆ ಹೇಳಿದರು. ಅದನ್ನು ಬರೆದುಕೊಟ್ಟವರು ಈಗ ಹೇಗಿದ್ದಾರೆ ಎಂದಷ್ಟೇ ನಾನು ಕೇಳಿದೆ. "ಅಕ್ಕಾ, ಅದೊಂದು ಕೇಳ್ಬೇಡಿ. ಕೇಳಿದ್ರೆ ನಾನು ಒರಟಾಗಿಬಿಡ್ತೀನಿ" ಎಂದರು. ಮತ್ತೆ ಕೇಳಲಿಲ್ಲ.

5.34ಕ್ಕೆ ಮಾತುಕತೆ ಶುರುವಾಯಿತು. ಕುರ್ಚಿ ಸಾಲದೆ ಹದಿನೈದು ಮಂದಿ ಗೋಡೆಗೆ ಒರಗಿ ನಿಂತಿದ್ದರು. ಕಾರ್ಖಾನೆಯವರೂ ಇದ್ದರು, ಅಂಗಿಯ ಜೇಬಿನ ಮೇಲಿನ ಗುರುತು ನೋಡಿ ಎಣಿಸಿದಂತೆ ಇಪ್ಪತ್ತಾರು ಜನ. ಮಫ್ತಿಯಲ್ಲಿ ಬಂದವರನ್ನು ಎಣಿಸಲಾಗಲಿಲ್ಲ. ದೂರುದಾರರಾದ ಸಿಬ್ಬಂದಿ ಅಧಿಕಾರಿಗಳು ಎರಡನೇ ಸಾಲಿನ ಕೊನೆಯಲ್ಲಿ, ಕಿಟಕಿಯ ಪಕ್ಕ ಕೂತಿದ್ದರು.

6.25ಕ್ಕೆ ಪ್ರಶ್ನೆ ಕೇಳಬಹುದು ಎಂದಾಗ ಮೊದಲು ಎದ್ದವರು ಅವರೇ. ಸಭ್ಯವಾಗಿಯೇ ಕೇಳಿದರು. ಹೆಸರಿಲ್ಲದವರ ಮಾತನ್ನು ಯಾಕೆ ನಂಬಬೇಕು, ಧೈರ್ಯವಿದ್ದವರು ಎದುರಿಗೆ ಬರಲಿ ಎಂದರು. ಲೇಖಕಿ ಹೇಳಿದ ಉತ್ತರವನ್ನು ಇದ್ದ ಹಾಗೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ: "ನಂಬಬೇಡಿ ಸಾರ್. ನಿಮ್ಮದೇ ರಕ್ತ ಒಂದ್ಸಲ ಪರೀಕ್ಷೆ ಮಾಡಿಸಿ, ಸಾಕು." ಸಭೆ ನಕ್ಕಿತು. ಅಧಿಕಾರಿಗಳೂ ನಕ್ಕರು, ಆದರೆ ಎಲ್ಲರಿಗಿಂತ ಸ್ವಲ್ಪ ತಡವಾಗಿ. ಆ ಹೆಸರು ತಮ್ಮ ಪ್ರಕಾಶಕರಿಗೂ ಗೊತ್ತಿಲ್ಲ, ಮೂವತ್ತು ವರ್ಷ ಸಂಸಾರ ಮಾಡಿದ ಗಂಡನಿಗೂ ಗೊತ್ತಿಲ್ಲ ಎಂದು ಲೇಖಕಿ ಮುಂದುವರಿಸಿದರು. 6.40ಕ್ಕೆ ಸಭೆ ಮುಗಿಯಿತು.

ಪುಸ್ತಕಕ್ಕೆ ಸಹಿ ಹಾಕಿಸುವ ಕ್ರಮ ನಮ್ಮಲ್ಲಿ ಬೇರೆ. ಮೂರು ವರ್ಷದ ಹಿಂದೆ ನೂಕುನುಗ್ಗಲಾಗಿ ಗಾಜಿನ ಕಪಾಟು ಒಡೆದ ಮೇಲೆ ಸಾಲು ನಿಲ್ಲಿಸುವುದನ್ನು ಬಿಟ್ಟೆವು. ಪುಸ್ತಕ ಕೊಂಡವರು ಅದರಲ್ಲಿ ಒಂದು ಚೀಟಿ ಇಟ್ಟು, ಏನು ಬರೆಯಬೇಕೆಂದು ಚೀಟಿಯಲ್ಲಿ ತಿಳಿಸಿ, ಬಾಗಿಲ ಬಳಿಯ ಮೇಜಿನಲ್ಲಿ ಕೊಟ್ಟು, ತಗಡಿನ ಟೋಕನ್ ಪಡೆದು ಕೂರುತ್ತಾರೆ. ನಾನು ಆರಾರು ಪುಸ್ತಕಗಳನ್ನು ಟೋಕನ್ ಕ್ರಮದಲ್ಲಿ ಬೈಂಡಿಂಗ್ ಕೋಣೆಗೆ ಒಯ್ಯುತ್ತೇನೆ. ಲೇಖಕರು ಒಳಗೆ ಕೂತು ಬರೆದು, ಚೀಟಿ ತೆಗೆದು, ಶಾಯಿ ಹೀರುವ ಒತ್ತು ಕಾಗದ ಇಟ್ಟು, ಮೊದಲ ಟೋಕನ್ ಮೇಲೆ ಬರುವಂತೆ ಕಟ್ಟನ್ನು ಕೊಡುತ್ತಾರೆ. ನಾನು ಹೊರಗೆ ಬಂದು ಟೋಕನ್ ಕೂಗಿ ಹಂಚುತ್ತೇನೆ. ಒಳಗೆ ಏನು ಬರೆದಿದೆ ಎಂದು ನಾನು ತೆರೆದು ನೋಡುವುದಿಲ್ಲ. ಅದು ಬೇರೆಯವರ ಕಾಗದ ಓದಿದ ಹಾಗೆ.

ಮೊದಲ ಮೂರು ಕಟ್ಟುಗಳು ಸರಿಯಾಗಿಯೇ ಹೋದವು. ನಾಲ್ಕನೆಯದು 19ರಿಂದ 24ರವರೆಗಿನ ಟೋಕನ್ನುಗಳದ್ದು, 7.08ಕ್ಕೆ ಒಳಗೊಯ್ದೆ. ಉಳಿದ ಕಟ್ಟುಗಳಿಗೆ ಮೂರು ನಾಲ್ಕು ನಿಮಿಷ ಹಿಡಿದಿತ್ತು. ಇದಕ್ಕೆ ಒಂಬತ್ತು ನಿಮಿಷ ಹಿಡಿಯಿತು. ನಡುವೆ ಲೇಖಕಿ ಒಂದು ಚೀಟಿ ಹಿಡಿದು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಕಣ್ಣಿಗೆ ಆಯಾಸವಾಗಿದೆ ಎಂದುಕೊಂಡೆ. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲವಾದ್ದರಿಂದ ಆ ಹೊತ್ತಿನಲ್ಲಿ ಅವರ ಬಿಚ್ಚಿಹೋದ ಪ್ರತಿಯನ್ನು ತೆಗೆದುಕೊಂಡು, ಅದರ ಫಾರಂಗಳನ್ನು, ಅಂದರೆ ಮಡಿಸಿದ ಹಾಳೆಗಳ ಕಂತೆಗಳನ್ನು, ಮೇಜಿಗೆ ತಟ್ಟಿ ಸಮ ಮಾಡಿದೆ. ಹೊಲಿಗೆಗೆ ಕೂರುವ ಮೊದಲು ಹಾಗೆ ತಟ್ಟಿ, ಕೊನೆಯ ಫಾರಂ ಮೇಲೆ ಬರುವಂತೆ ಕಟ್ಟನ್ನು ಮಗುಚಿ ಇಡುವುದು ನಮ್ಮ ಕೆಲಸದ ರೀತಿ.

7.17ಕ್ಕೆ ಲೇಖಕಿ ಆರು ಪುಸ್ತಕಗಳನ್ನು ನನ್ನ ಕೈಗಿಟ್ಟರು. ನಾನು ಅವನ್ನೂ ಮೇಜಿಗೆ ತಟ್ಟಿದೆ, ಅವನ್ನೂ ಮಗುಚಿದೆ. ಹೊರಗೆ ನಡೆದೆ. ಮೂವತ್ತೊಂದು ವರ್ಷ ಮಾಡಿದ್ದನ್ನು ಕೈ ಮಾಡಿತು, ತಲೆ ಎಲ್ಲೋ ಇತ್ತು. ತಪ್ಪು ನನ್ನದು. ಇದರಲ್ಲಿ ಗ್ರಂಥಪಾಲಕರದಾಗಲಿ ಬೇರೆ ಯಾರದೇ ಆಗಲಿ ಪಾಲಿಲ್ಲ.

19 ಎಂದು ಕೂಗಿದೆ. ನಿವೃತ್ತ ಗಣಿತದ ಟೀಚರ್ ಬಂದು ತೆಗೆದುಕೊಂಡರು. 20 ಎಂದು ಕೂಗಿದೆ. ದೂರುದಾರರು ಬಂದು ತೆಗೆದುಕೊಂಡು ಕಿಟಕಿಯ ಬಳಿ ಹೋಗಿ ನಿಂತರು. ನನ್ನಿಂದ ಸುಮಾರು ಒಂಬತ್ತು ಅಡಿ. 21 ಎನ್ನುವಷ್ಟರಲ್ಲಿ ಟೀಚರ್ ಗಟ್ಟಿಯಾಗಿ, "ಗೋಂದಕ್ಕಾ, ಇದೇನಿದು? ನನ್ನ ಅವಳಿ ಮೊಮ್ಮಕ್ಕಳ ಹೆಸರು ಬರೆಸಿದ್ರೆ ಇಲ್ಲಿ ಬಸ್ ಡ್ರೈವರ್ ಅಣ್ಣನಿಗೆ ಅಂತಿದೆ" ಎಂದರು. ಹಿಂದಿನ ಸಾಲಿನಿಂದ ಬಸ್ ಡ್ರೈವರ್ ಕೈಯೆತ್ತಿ, ಅದು ತನ್ನದು, ತನ್ನ ಟೋಕನ್ 24 ಎಂದರು. ಕಟ್ಟು ತಲೆಕೆಳಗಾಗಿದೆ ಎಂದು ಆಗ ಹೊಳೆಯಿತು. 19ರವರಿಗೆ 24ರದ್ದು ಹೋಗಿದ್ದರೆ, 20ರವರಿಗೆ ಹೋದದ್ದು 23ರದ್ದು. ಲೆಕ್ಕ ಸುಲಭ.

ಬದಲಾಯಿಸಿಕೊಂಡರೆ ಮುಗಿಯಿತು ಎಂದು ದೂರುದಾರರ ಬಳಿ ಹೋದೆ. ಆ ಹೊತ್ತಿಗೆ ಅವರು ಪುಸ್ತಕ ತೆರೆದು ಒತ್ತು ಕಾಗದ ತೆಗೆದಿದ್ದರು. ಕನ್ನಡಕಕ್ಕಾಗಿ ಎಡ ಜೇಬು, ಬಲ ಜೇಬು ಮುಟ್ಟಿಕೊಳ್ಳುತ್ತಿದ್ದರು. ಕನ್ನಡಕ ಅವರ ನೆತ್ತಿಯ ಮೇಲಿತ್ತು. ನಾನು ಅವರ ಎದುರು ನಿಂತಿದ್ದೆ. ತಲೆಕೆಳಗಾದ ಅಕ್ಷರ ಓದುವುದು ನನಗೆ ಅಭ್ಯಾಸ. ಮೇಜಿನ ಮೇಲೆ ಹಾಳೆಗಳು ಹೇಗೆ ಬಂದರೆ ಹಾಗೆ ಓದಿಯೇ ಕ್ರಮ ಹಚ್ಚುವುದು. ಓದಬೇಕೆಂದು ಓದಲಿಲ್ಲ, ಕಣ್ಣಿಗೆ ಬಿತ್ತು. ನಾಲ್ಕು ಸಾಲು ಇತ್ತು. ಮೊದಲ ಸಾಲಿನಲ್ಲಿ ರಿಜಿಸ್ಟರ್ ಎಂಬ ಪದವಿತ್ತು. ಅದನ್ನು ತಾವೂ ಕಂಡಿದ್ದಾಗಿ ದೂರುದಾರರು ಹೇಳಿರುವುದರಿಂದ ನಾನೂ ಹೇಳುತ್ತಿದ್ದೇನೆ. ಮೂರನೇ ಸಾಲಿನಲ್ಲಿ ಒಂದು ಹೆಸರಿತ್ತು.

ಮೆಟ್ಟಿಲ ಕೆಳಗಿನ ಆ ಗುಮಾಸ್ತರ ಕಪಾಟು ನೆನಪಾಯಿತು.

"ಸಾರ್, ಶಾಯಿ ಒಣಗಿಲ್ಲ, ಅಂಗಿಗೆ ಮೆತ್ಕೊಳ್ಳತ್ತೆ, ಕೊಡಿ" ಎಂದು ಅವರ ಕೈಯಿಂದ ಪುಸ್ತಕ ತೆಗೆದುಕೊಂಡೆ. ಕಿತ್ತುಕೊಂಡೆನೆಂದು ದೂರಿನಲ್ಲಿದೆ. ಅವರು ಬಿಡಲಿಲ್ಲ, ನಾನು ಎಳೆದೆ, ಕಿತ್ತುಕೊಂಡೆನೆಂದೇ ಇಟ್ಟುಕೊಳ್ಳಬಹುದು. ಅಲ್ಲಿಂದ ಬೈಂಡಿಂಗ್ ಕೋಣೆಗೆ ಹನ್ನೊಂದು ಹೆಜ್ಜೆ. ಒಳಗೆ ಹೋಗಿ ಚಿಲಕ ಹಾಕಿದೆ. ಆಗ ಗೋಡೆ ಗಡಿಯಾರದಲ್ಲಿ 7.21.

ಲೇಖಕಿ ಬಿಸಿನೀರಿನ ಲೋಟ ಹಿಡಿದು ಕೂತಿದ್ದರು. ಪುಸ್ತಕವನ್ನು ಅವರ ಮುಂದೆ ತೆರೆದಿಟ್ಟು, ಇದು ಯಾರ ಕೈಗೆ ಹೋಗಿತ್ತೆಂದು ಹೇಳಿದೆ. ಅವರು ಲೋಟ ಕೆಳಗಿಟ್ಟು ಹೇಳಿದರು. ಚೀಟಿಯಲ್ಲಿ ಹೆಸರು ಬೇಡ, ಸಹಿ ಸಾಕು ಎಂದಷ್ಟೇ ಇತ್ತಂತೆ. ಆದರೆ ಇನ್ನೂರ ಹನ್ನೆರಡು ಪುಟ ಓದಿದ ಅಕ್ಷರವನ್ನು ಅವರು ನೋಡಿದ ತಕ್ಷಣ ಗುರುತಿಸಿದರಂತೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಹೆಸರು ಬರೆದವರಲ್ಲ, ಇವತ್ತು ಒಂದೇ ಒಂದು ಸಲ ಬರೆಯೋಣ ಅನ್ನಿಸಿತಂತೆ. "ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿದ್ದೆ ಅಕ್ಕಾ, ಕೈಗೆ ಹಾಕೋದು ಮರೆತೆ" ಎಂದರು. ಓದಿದವರಿಗೆ ಬುದ್ಧಿ ಹೇಳಬಾರದು, ಆದರೂ ಸಿಟ್ಟು ಬಂದು, "ಧನ್ಯವಾದ ಹೇಳೋಕೆ ಹೋಗಿ ಮನೆ ಮುರೀತಿದ್ರಲ್ಲಮ್ಮಾ" ಎಂದುಬಿಟ್ಟೆ. ಹೊರಗೆ ದೂರುದಾರರು ಬಾಗಿಲು ಬಡಿಯುತ್ತಿದ್ದರು.

ಪುಸ್ತಕವನ್ನು ತಮ್ಮ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ ಎಂದು ಲೇಖಕಿ ಹೇಳಿದರು. ಚೀಲ ತೆರೆಸುತ್ತಾರೆ, ಕುರ್ಚಿ ಬಿಡಿ ಎಂದೆ. ರಟ್ಟು ಕೊಯ್ಯುವ ಚಾಕುವಿನಿಂದ ಆ ಹಾಳೆಯನ್ನು ಬೆನ್ನಿನ ಪಕ್ಕದಲ್ಲಿ ಕೊಯ್ದೆ. ಹೊಲಿದ ಪುಸ್ತಕದಲ್ಲಿ ಒಂದು ಹಾಳೆ ಪೂರ್ತಿ ಕಿತ್ತರೆ ಆಚೆ ಬದಿಯ ಅದರ ಜೋಡಿ ಹಾಳೆಯೂ ಸಡಿಲವಾಗಿ ಬೀಳುತ್ತದೆ. ಆದ್ದರಿಂದ ಎರಡು ಮಿಲಿಮೀಟರ್ ಅಂಚು ಬಿಟ್ಟು, ಅಂಚಿಗೆ ಗೋಂದು ಹಚ್ಚಿ ಪಕ್ಕದ ಹಾಳೆಗೆ ಒತ್ತಿದೆ. ಸಾಹೇಬರ ಮೇಜಿನ ಮೇಲಿರುವ ಈ ಪುಸ್ತಕವೇ ಅದು. ಬೆನ್ನಿನ ಹತ್ತಿರ ಉಗುರು ಆಡಿಸಿದರೆ ಅಂಚು ಸಿಗುತ್ತದೆ. ಅಂಗಡಿಯಿಂದಲೇ ಹೀಗೆ ಬಂದಿದೆ ಎಂದಿದ್ದರೆ ಯಾರೂ ಕಂಡುಹಿಡಿಯುತ್ತಿರಲಿಲ್ಲ. ನನ್ನ ಕೆಲಸ ಅಷ್ಟು ಕೆಟ್ಟದ್ದಲ್ಲ. ಆದರೆ ಸುಳ್ಳು ಹೇಳಲು ನಾನು ಇಲ್ಲಿಗೆ ಬಂದಿಲ್ಲ. ಹಾಳೆ ಕೊಯ್ಯಲು ಲೇಖಕಿ ಹೇಳಲಿಲ್ಲ, ಬೇಡವೆನ್ನಲೂ ಇಲ್ಲ. ತೀರ್ಮಾನ ನನ್ನದು.

7.25ಕ್ಕೆ ಬಾಗಿಲು ತೆರೆದೆ. 19, 20, 21, 22, 24ರವರಿಗೆ ಅವರವರ ಪುಸ್ತಕ ಕೊಟ್ಟೆ. ದೂರುದಾರರ ಪುಸ್ತಕದಲ್ಲಿ, ಒಳ್ಳೆಯ ಪ್ರಶ್ನೆ ಕೇಳಿದ್ದಕ್ಕೆ ಎಂದು ಲೇಖಕಿ ಬರೆದಿದ್ದರು. ಅದನ್ನು ಅವರು ನೋಡಲೂ ಇಲ್ಲ. ಮೊದಲು ಕೈಗೆ ಬಂದ ಪುಸ್ತಕ ಬೇಕು, ಅದರ ಒಡೆಯರು ಯಾರೆಂದು ತಿಳಿಯಬೇಕು ಎಂದರು. ಗ್ರಂಥಪಾಲಕರು ಬೆವರುತ್ತಾ, "ಗೋಂದಕ್ಕಾ, ಯಾಕಪ್ಪಾ ರಾಮಾಯಣ, ಇಪ್ಪತ್ತಮೂರರವರನ್ನ ಕರೀರಿ, ಮುಗಿಸೋಣ" ಎಂದರು. ಮೇಲಿನವರು ಹೇಳಿದ ಮೇಲೆ ಮಾಡಬೇಕು. ಸಭಾಂಗಣದ ಆಚೆ ತುದಿಗೂ ಕೇಳುವಂತೆ ಕೂಗಿದೆ: "ಇಪ್ಪತ್ತಮೂರು ಯಾರದು? ಕಾರ್ಖಾನೆಯ ಸಿಬ್ಬಂದಿ ಅಧಿಕಾರಿಗಳು ನಿಮ್ಮನ್ನ ನೋಡ್ಬೇಕಂತೆ. ಬೇಗ ಬನ್ನಿ."

ಯಾರೂ ಬರಲಿಲ್ಲ. ಇನ್ನೂ ಎರಡು ಸಲ ಅದೇ ಮಾತನ್ನು ಅಷ್ಟೇ ಗಟ್ಟಿಯಾಗಿ ಕೂಗಿದೆ. ನಾನು ಕೂಗಿದ ರೀತಿಯ ಬಗ್ಗೆ ದೂರಿನಲ್ಲಿ ಆಕ್ಷೇಪವಿದೆ. ಪೂರ್ತಿ ವಿಷಯ ತಿಳಿಸಿ ಕರೆಯುವುದು ತಪ್ಪೆಂದು ನನಗೆ ಗೊತ್ತಿರಲಿಲ್ಲ.

7.50ಕ್ಕೆ ಸಭಾಂಗಣ ಖಾಲಿಯಾಯಿತು. ಹೋಗುವವರು ಟೋಕನ್ನುಗಳನ್ನು ಬಾಗಿಲ ಬಳಿಯ ಬಿಸ್ಕತ್ತಿನ ಡಬ್ಬಿಗೆ ಹಾಕಿ ಹೋಗುವುದು ವಾಡಿಕೆ. ನಾನೂ ಗ್ರಂಥಪಾಲಕರೂ ಎಣಿಸಿದೆವು. ಕೊಟ್ಟದ್ದು ಇಪ್ಪತ್ನಾಲ್ಕು, ಬಂದದ್ದು ಇಪ್ಪತ್ನಾಲ್ಕು. 23 ಅದರಲ್ಲೇ ಇತ್ತು. ಮೆಟ್ಟಿಲ ಕ್ಯಾಮೆರಾ ಕೆಟ್ಟು ಎರಡು ವರ್ಷವಾಗಿದೆ. ರಿಪೇರಿಗೆ ಬರೆದ ಮೂರು ಪತ್ರಗಳ ನಕಲು ಕಚೇರಿಯಲ್ಲಿದೆ. ಯಾರೂ ಒಯ್ಯದೆ ಮೇಜಿನ ಮೇಲೆ ಉಳಿದ ಆ ಪುಸ್ತಕದ ಹಾಳೆಗಳನ್ನು ದೂರುದಾರರು ಅಲ್ಲೇ ನಿಂತು ಎಣಿಸಿ, ಒಂದು ಕಡಿಮೆ ಇದೆ ಎಂದು ಹೇಳಿ, ಪುಸ್ತಕವನ್ನು ಠಾಣೆಗೆ ತಂದುಕೊಟ್ಟರು.

ಕೊಯ್ದ ಹಾಳೆ ಎಲ್ಲಿದೆ ಎಂದು ಸಾಹೇಬರು ಕೇಳಿದ್ದಕ್ಕೆ ಹೇಳುತ್ತೇನೆ. ನನ್ನ ಮೇಜಿನ ಕೆಳಗೆ ಒಂದು ಬಕೆಟ್ ಇದೆ. ಬಿಳಿ ಕಾಗದದ ಚೂರುಗಳನ್ನು ಅದರ ನೀರಿನಲ್ಲಿ ನೆನೆಹಾಕಿ, ಅರೆದು, ಗೋಂದು ಕಲಸಿ, ಹುಳ ಕೊರೆದ ತೂತುಗಳಿಗೆ ತುಂಬುತ್ತೇವೆ. ಆ ಹಾಳೆಯನ್ನೂ, ಲೇಖಕಿಯ ಕೈಯಲ್ಲಿದ್ದ ಚೀಟಿಯನ್ನೂ ಅದರಲ್ಲಿ ಮುಳುಗಿಸಿದೆ. ಪೆನ್ನಿನ ಶಾಯಿ ನೀರಿನಲ್ಲಿ ನಿಲ್ಲುವುದಿಲ್ಲ. ನೀರು ನೀಲಿಯಾಯಿತು, ಕಾಗದ ಬೆಳ್ಳಗಾಯಿತು. 15ನೇ ತಾರೀಕು ಬೆಳಿಗ್ಗೆ 9.30ಕ್ಕೆ ಅರೆದೆ. ಅದನ್ನು ಮೂವತ್ತೇಳು ಪುಸ್ತಕಗಳ ತೂತುಗಳಿಗೆ ತುಂಬಿದ್ದೇನೆ. ಜಪ್ತಿ ಮಾಡುವುದಾದರೆ ಪಟ್ಟಿ ಕೊಡುತ್ತೇನೆ. ಅದರಲ್ಲಿ ಹೆಚ್ಚಿನವು ಹಳೆಯ ನಿಘಂಟುಗಳು, ತೂಕ ಜಾಸ್ತಿ, ಗಾಡಿ ತರಬೇಕಾಗುತ್ತದೆ.

ಹಾಳೆಯಲ್ಲಿದ್ದ ಹೆಸರು ನೆನಪಿದೆಯೇ ಎಂದು ಸಾಹೇಬರು ಮೂರು ಸಲ ಕೇಳಿದರು. ನೆನಪಿಲ್ಲ ಎಂದು ಬರೆಸಿ ಕೈತೊಳೆದುಕೊಳ್ಳಿ ಎಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್ಸ್‌ಟೇಬಲಮ್ಮ ನನ್ನ ಒಳ್ಳೆಯದಕ್ಕೇ ಹೇಳಿದರು. ಆದರೆ ಕುರ್ಚಿ, ಹೆಜ್ಜೆ, ನಿಮಿಷ ಎಲ್ಲ ನೆನಪಿಟ್ಟು ಅದೊಂದನ್ನು ಮರೆತೆ ಎಂದರೆ ಯಾರು ನಂಬುತ್ತಾರೆ? ನೆನಪಿದೆ. ಹೇಳುವುದಿಲ್ಲ. ಗಂಡಸೋ ಹೆಂಗಸೋ ಅಷ್ಟಾದರೂ ಹೇಳಿ ಎಂದರು. ಮನುಷ್ಯರು ಎಂದೆ. ಆ ದಿನ ಅವರು ಸಭಾಂಗಣದಲ್ಲಿ ಇದ್ದರೆಂದೂ ನಾನು ಹೇಳುತ್ತಿಲ್ಲ. ಟೀಚರ್ ಸಹಿ ಹಾಕಿಸಿದ್ದು ಮೊಮ್ಮಕ್ಕಳಿಗೆ, ಮೊಮ್ಮಕ್ಕಳು ಅಲ್ಲಿರಲಿಲ್ಲ. ಚೀಟಿ ಬರೆದವರೊಬ್ಬರು, ತಂದುಕೊಟ್ಟವರೊಬ್ಬರು ಆಗಿರಬಹುದು. ಇದಕ್ಕಾಗಿ ಕೆಲಸ ಹೋಗಬಹುದು ಎಂದು ಗ್ರಂಥಪಾಲಕರು ಎಚ್ಚರಿಸಿದ್ದಾರೆ. ಹೋದರೆ ಸಂಕಟವಾಗುತ್ತದೆ. ನನಗೆ ಬೇರೆ ಕೆಲಸ ಬರುವುದಿಲ್ಲ.

ಒಬ್ಬರ ಪುಸ್ತಕ ಕೆಡಿಸಿದ್ದು ನಿಜ, ಅದಕ್ಕೆ ತಲೆಬಾಗುತ್ತೇನೆ. ವಿಚಾರಣೆ ಮುಗಿದ ಮೇಲೆ ಆ ಪುಸ್ತಕವನ್ನು ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕೊಯ್ದ ಜಾಗಕ್ಕೆ ಒಂದು ಖಾಲಿ ಹಾಳೆ ಕೂರಿಸಿ, ಗಟ್ಟಿ ರಟ್ಟು ಹಾಕಿ, ಕಪಾಟಿನಲ್ಲಿ ಇಡುತ್ತೇನೆ. ಅಲ್ಲಿಂದ ಅದನ್ನು ಯಾರು ಬೇಕಾದರೂ ಮನೆಗೆ ಒಯ್ಯಬಹುದು. ಟೋಕನ್ ಬೇಕಾಗಿಲ್ಲ.

ಕೊನೆಯದಾಗಿ ಒಂದು ಮಾತು. ಆ ದಿನ ರಾತ್ರಿ ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನು ತುತ್ತು ಕೆಳಗಿಟ್ಟು, "ಅಕ್ಕಾ, ಯಾರು?" ಎಂದು ಕೇಳಿದ. ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಅವನಿಗಿದೆ. ಅವನಿಗೂ ಹೇಳಲಿಲ್ಲ. ಅವನು ಮತ್ತೆ ತುತ್ತು ಎತ್ತಿಕೊಂಡು, "ಸರಿ ಬಿಡು. ಎಲ್ಲಾದ್ರೂ ಸಿಕ್ಕಿದ್ರೆ ನನ್ನ ನಮಸ್ಕಾರ ಹೇಳು" ಎಂದ. ನಾನು ಅವರನ್ನು ಹುಡುಕಿ ಹೋಗುವಂತಿಲ್ಲ, ಮಾತಾಡಿಸುವಂತಿಲ್ಲ, ಎದುರಿಗೆ ಬಂದರೆ ನೋಡುವಂತೆಯೂ ಇಲ್ಲ. ಈ ಹೇಳಿಕೆಯ ನಕಲು ದೂರುದಾರರಿಗೆ ಸಿಗುತ್ತದೆ ಎಂದು ಸಾಹೇಬರು ತಿಳಿಸಿದರು. ಸಂತೋಷ. ಅದನ್ನು ಅವರು ಕಾರ್ಖಾನೆಯ ಗೇಟಿನ ಸೂಚನಾ ಫಲಕಕ್ಕೆ, ಎಲ್ಲ ಪಾಳಿಯವರೂ ಓದುವಂತೆ ಅಂಟಿಸಲಿ ಎಂದು ಕೋರುತ್ತೇನೆ. ನಲವತ್ತೊಂದನೇ ಪುಟದ ಒಂಬತ್ತನೇ ಸಾಲಿನವನು ನಮಸ್ಕಾರ ಹೇಳಿದ್ದಾನೆ. ಅವನ ಅಕ್ಕನದೂ ಸೇರಿದೆ.

ಹೆಡ್ ಕಾನ್ಸ್‌ಟೇಬಲಮ್ಮ ಇದನ್ನು ನನಗೆ ಎರಡು ಸಲ ಓದಿ ಹೇಳಿದರು, ಕೊನೆಯ ಭಾಗವನ್ನು ಮೂರು ಸಲ. ನಾನು ಹೇಳಿದ ಹಾಗೆಯೇ ಇದೆ, ಹೇಳಿದ್ದೆಲ್ಲ ನಿಜ. ಹೇಳದೆ ಬಿಟ್ಟದ್ದು ಒಂದೇ ಇದೆ, ಅದನ್ನು ಬಿಟ್ಟಿದ್ದೇನೆಂದೂ ಮೇಲೆ ಬರೆಸಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ರೈಟರ್ ಕೋಣೆ
ದಿನಾಂಕ: 17, ಸೋಮವಾರ, ಮಧ್ಯಾಹ್ನ 1.05
ಸಹಿ: (ಗೋಂದಕ್ಕ)